ನೀರಿನ ಪೈಪಿನಲ್ಲಿ ಕಂಪ್ರೆಸರ್ ಗಾಳಿ ಏಕೆ ಬೇಡ?

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ)

ಹತ್ತು ಕೆಜಿ ಒತ್ತಡದ ನೀರನ್ನು ತಡೆಯುವ ಪೈಪು ಎಂಟು ಕೆಜಿ ಒತ್ತಡದ ಗಾಳಿಯನ್ನು ತಡೆಯುವುದಿಲ್ಲವೇ? ನಮ್ಮೂರು ಕೋಟುಮಚಗಿಯಲ್ಲಿ ಈ ಪ್ರಶ್ನೆಯನ್ನು ಯಾರಿಗೆ ಕೇಳಿದರೂ "ತಡೀತೈತಿ ಬಿಡ್ರಿ, ಅದರಾಗ ಏನೈತಿ" ಎಂಬ ಉತ್ತರವೇ ಬರುತ್ತದೆ. ಉತ್ತರ ಪೂರ್ತಿ ತಪ್ಪಲ್ಲ. ಇವತ್ತು ತಡೆಯುತ್ತದೆ, ನಾಳೆಯೂ ತಡೆಯುತ್ತದೆ, ಎರಡು ವರ್ಷ ತಡೆದರೂ ತಡೆಯಬಹುದು. ಆದರೆ ತಡೆಯದೇ ಹೋದ ದಿನ ಏನಾಗುತ್ತದೆ ಎನ್ನುವುದರಲ್ಲಿ ನೀರಿಗೂ ಗಾಳಿಗೂ ಅಜಗಜಾಂತರವಿದೆ. ಈ ಲೇಖನ ಆ ಅಂತರದ ಬಗ್ಗೆ.

ನಾನು ಇದನ್ನೆಲ್ಲ ಓದಲು ಕೂತದ್ದಕ್ಕೆ ಕಾರಣ ನಮ್ಮ ಮಾಮು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರು ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ವೆಲ್ಡಿಂಗ್ ಮಾಡುತ್ತಾರೆ, ಬಣ್ಣ ಹೊಡೆಯುತ್ತಾರೆ, ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಾರೆ. ಈ ವರ್ಷ ನೂರು ಲೀಟರ್ ಟ್ಯಾಂಕಿನ ಒಂದು ಕಂಪ್ರೆಸರ್ ತಂದರು. ಗಾಳಿ ಮೂರು ಕಡೆ ಬೇಕಿತ್ತು: ವೆಲ್ಡಿಂಗ್ ಟೇಬಲ್ಲಿನ ಹತ್ತಿರ, ಬಣ್ಣದ ಮೂಲೆಯಲ್ಲಿ, ಮತ್ತು ರಸ್ತೆ ಕಡೆಯ ಗೋಡೆಯ ಹೊರಗೆ ಟೈರಿಗೆ ಗಾಳಿ ತುಂಬಲು. ಹೊಲದಲ್ಲಿ ಬೋರಿನಿಂದ ನೀರು ಹಾಯಿಸಿ ಉಳಿದ ಪಿವಿಸಿ ಪೈಪುಗಳು ಕೊಟ್ಟಿಗೆಯ ಅಟ್ಟದ ಮೇಲೆ ಇದ್ದವು. "ಬೇಟಾ, ನೀನು ಸೈನ್ಸ್ ಓದ್ತಿ. ಇದನ್ನ ಹಾಕಿದರ ನಡೀತೈತೇನು, ನೋಡಿ ಹೇಳು" ಎಂದರು. (ಮನೆಯಲ್ಲಿ ನಾವು ಆಡುವುದು ದಖ್ಖನಿ. ಆದರೆ ಪೈಪು, ನಲ್ಲಿ, ವಾಲ್ವಿನ ಮಾತು ಬಂದರೆ ಮಾಮು ಕನ್ನಡಕ್ಕೆ ಇಳಿಯುತ್ತಾರೆ.) ನಮ್ಮ ಊರುಗಳಲ್ಲಿ ಇಂಥ ಶೆಡ್ಡುಗಳು ಎಷ್ಟೋ ಇವೆ. ಕಾರ್ಖಾನೆಯಲ್ಲಾದರೆ ತಪಾಸಣೆ ಎನ್ನುವುದೊಂದು ಇರುತ್ತದೆ. ಮನೆಯ ಹಿಂದಿನ ಶೆಡ್ಡಿಗೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ, ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ.

ಮೊದಲು "ಕೆಜಿ" ಎಂದರೇನು ನೋಡೋಣ. ಅಂಗಡಿಯಲ್ಲಿ ನಾವು ನಾಲ್ಕು ಕೆಜಿ ಪೈಪು, ಆರು ಕೆಜಿ ಪೈಪು, ಹತ್ತು ಕೆಜಿ ಪೈಪು ಎಂದು ಕೇಳುತ್ತೇವಲ್ಲ, ಅದು ಪೈಪಿನ ತೂಕವಲ್ಲ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಎಷ್ಟು ಕಿಲೋಗ್ರಾಮಿನ ಭಾರ ಬಿದ್ದ ಹಾಗೆ ಒತ್ತಡ ಇರಬಹುದು ಎನ್ನುವ ಲೆಕ್ಕ. ಒಂದು ಕೆಜಿ ಒತ್ತಡ ಎಂದರೆ ಹೆಚ್ಚು ಕಡಿಮೆ ಒಂದು ಬಾರ್, ಅಥವಾ 14 ಪಿಎಸ್‌ಐ. ಬೈಕಿನ ಟೈರಿನಲ್ಲಿ ಇರುವುದು ಸುಮಾರು 30 ಪಿಎಸ್‌ಐ, ಎರಡು ಕೆಜಿಯ ಆಸುಪಾಸು. ಮಾಮುವಿನ ಕಂಪ್ರೆಸರ್ ಎಂಟು ಬಾರ್‌ಗೆ ತಾನಾಗಿ ನಿಲ್ಲುತ್ತದೆ. ಅಂಗೈಯಷ್ಟು ಜಾಗ, ಅಂದರೆ ನೂರು ಚದರ ಸೆಂಟಿಮೀಟರ್ ಹಿಡಿಯಿರಿ, ಅದರ ಮೇಲೆ ಎಂಟು ಕ್ವಿಂಟಲ್ ಭಾರ ಒಳಗಿನಿಂದ ಒತ್ತುತ್ತಿರುತ್ತದೆ. ಹೊರಗೆ ನೋಡಿದರೆ ಏನೂ ಕಾಣುವುದಿಲ್ಲ.

ಪೈಪಿನ ಮೇಲೆ ಬರೆದ ಹತ್ತು ಕೆಜಿ ಎನ್ನುವುದು ಯಾವುದರ ಹತ್ತು ಕೆಜಿ ಎಂದು ಹುಡುಕಿದೆ. ನಮ್ಮ ಹೊಲದ ಬಿಳಿ, ಬೂದು ಪಿವಿಸಿ ಪೈಪುಗಳ ಮೇಲೆ ಐಎಸ್ 4985 ಎಂಬ ಗುರುತು ಇರುತ್ತದೆ. ಅದು ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಪೈಪಿಗೆ ಕೊಟ್ಟ ಮಾನಕ. ಒತ್ತಡದ ವರ್ಗಗಳನ್ನು ಅದರಲ್ಲಿ 2.5ರಿಂದ 12.5 ಕೆಜಿವರೆಗೆ ಹೇಳಿದೆ, ಮತ್ತು ಅವೆಲ್ಲ 27 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕ. ನೀರಿಗೆ, 27 ಡಿಗ್ರಿಯಲ್ಲಿ. ಗಾಳಿಯ ಮಾತು ಅದರಲ್ಲಿಲ್ಲ.

ಇನ್ನು ನಮ್ಮ ಪಠ್ಯಕ್ಕೆ ಬರೋಣ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಬಲ್ಕ್ ಮಾಡ್ಯುಲಸ್ ಎಂದು ಒಂದು ಬರುತ್ತದೆ. ಪರೀಕ್ಷೆಗೆ ಎರಡು ಅಂಕಕ್ಕೆ ಓದಿ ಬಿಟ್ಟಿರುತ್ತೇವೆ. ನೀರಿನ ಬಲ್ಕ್ ಮಾಡ್ಯುಲಸ್ ಸುಮಾರು 2.2 ಗಿಗಾಪಾಸ್ಕಲ್. ಅಂದರೆ ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗುವುದು ಬಹಳ ಕಡಿಮೆ. ನೂರು ಲೀಟರ್ ನೀರನ್ನು ಎಂಟು ಬಾರ್‌ಗೆ ಒತ್ತಿದರೆ ಅದರಲ್ಲಿ ಸಂಗ್ರಹವಾಗುವ ಶಕ್ತಿ ಒತ್ತಡದ ವರ್ಗ ಗುಣಿಸು ಗಾತ್ರ, ಭಾಗಿಸು ಬಲ್ಕ್ ಮಾಡ್ಯುಲಸ್ಸಿನ ಎರಡರಷ್ಟು. ಲೆಕ್ಕ ಹಾಕಿ: 15 ಜೂಲ್ ಕೂಡ ಬರುವುದಿಲ್ಲ. ಒಂದೂವರೆ ಕೆಜಿ ಉಳ್ಳಾಗಡ್ಡಿಯನ್ನು ನೆಲದಿಂದ ಒಂದು ಮೀಟರ್ ಎತ್ತಿದಷ್ಟು.

ಅದೇ ನೂರು ಲೀಟರ್ ಟ್ಯಾಂಕಿನಲ್ಲಿ ಎಂಟು ಬಾರ್ ಗಾಳಿ ಇದ್ದರೆ? ಗಾಳಿ ಕುಗ್ಗಿ ಕುಗ್ಗಿ ಒಳಗೆ ಕೂತಿರುತ್ತದೆ, ಬಿಟ್ಟ ತಕ್ಷಣ ಒಂಬತ್ತು ಪಟ್ಟು ಹಿಗ್ಗುತ್ತದೆ. (ಮಾಪಕ ಎಂಟು ತೋರಿಸಿದರೂ ಹೊರಗಿನ ವಾತಾವರಣದ ಒಂದು ಬಾರ್ ಸೇರಿಸಿ ಒಂಬತ್ತು ಎಂದು ಹಿಡಿಯಬೇಕು.) ಉಷ್ಣಗತಿಶಾಸ್ತ್ರದ ಅಡಿಯಬ್ಯಾಟಿಕ್ ಸೂತ್ರ ಬಳಸಿ ನೋಡಿದರೆ ಅದು ಮಾಡಬಲ್ಲ ಕೆಲಸ ಸುಮಾರು 1 ಲಕ್ಷ ಜೂಲ್. 50 ಕೆಜಿಯ ಇಪ್ಪತ್ತು ಚೀಲ ಉಳ್ಳಾಗಡ್ಡಿಯನ್ನು ಒಮ್ಮೆಗೇ ಮೂರಂತಸ್ತಿನ ಮನೆಯ ಮಾಳಿಗೆಗೆ ಎಸೆದಷ್ಟು. ಟ್ಯಾಂಕು ಅದೇ, ಒತ್ತಡ ಅದೇ, ಮಾಪಕದ ಮುಳ್ಳು ನಿಂತಿರುವುದೂ ಅದೇ ಅಂಕಿಯ ಮೇಲೆ. ಶಕ್ತಿ ಮಾತ್ರ ಏಳು ಸಾವಿರ ಪಟ್ಟು. ಈ ಲೆಕ್ಕವನ್ನು ನಾನು ಎರಡು ಸಲ ಮಾಡಿದೆ. ಸೊನ್ನೆ ಹೆಚ್ಚಾಯಿತೇನೋ ಎಂದು ನಮ್ಮ ಭೌತಶಾಸ್ತ್ರದ ಉಪನ್ಯಾಸಕರಿಗೂ ತೋರಿಸಿದೆ. ಸೊನ್ನೆಗಳು ಸರಿಯಾಗಿಯೇ ಇದ್ದವು.

ಒಂದು ಇಂಚಿನ ಪೈಪು ಹತ್ತು ಮೀಟರ್ ಎಳೆದರೆ ಅದರೊಳಗೆ ಹಿಡಿಯುವುದು ಐದು ಲೀಟರ್ ಗಾಳಿ. ಲೀಟರಿಗೆ ಒಂದು ಸಾವಿರ ಜೂಲಿನಂತೆ ಐದು ಸಾವಿರ ಜೂಲ್. ಹೋಗಲಿ, ಸಣ್ಣದೇ ಅನ್ನೋಣ. ಆದರೆ ವಾಲ್ವು ತೆರೆದಿದ್ದರೆ ಹಿಂದಿನ ಟ್ಯಾಂಕು ಪೂರ್ತಿ ಆ ಪೈಪಿನ ಬೆನ್ನಿಗೆ ನಿಂತಿರುತ್ತದೆ.

ಇಷ್ಟು ಶಕ್ತಿ ಕಬ್ಬಿಣದ ಪೈಪಿನಲ್ಲೂ ಇರುತ್ತದಲ್ಲ, ಅದರಲ್ಲಿ ಏಕೆ ಪರವಾಗಿಲ್ಲ ಎಂದು ನೀವು ಕೇಳಬಹುದು. ಮಾಮು ಇದನ್ನೇ ಕೇಳಿದರು. ಇಲ್ಲಿ ಬಲಕ್ಕಿಂತ ಮುರಿಯುವ ರೀತಿ ಮುಖ್ಯ. ಉಕ್ಕು, ತಾಮ್ರ, ಅಲ್ಯೂಮಿನಿಯಂ ಮುರಿಯುವ ಮೊದಲು ಹಿಗ್ಗುತ್ತವೆ, ಉಬ್ಬುತ್ತವೆ, ಎಲ್ಲೋ ಒಂದು ಕಡೆ ಸೀಳಿ "ಸುಯ್" ಎಂದು ಗಾಳಿ ಬಿಡುತ್ತವೆ. ಪಿವಿಸಿ ಗಟ್ಟಿ ಹೌದು, ಆದರೆ ಪೆಡಸು. ಹಳೆಯ ಪಿವಿಸಿ ತುಂಡೊಂದನ್ನು ಕಲ್ಲಿನ ಮೇಲೆ ಇಟ್ಟು ಸುತ್ತಿಗೆಯಿಂದ ಹೊಡೆದವರಿಗೆ ಗೊತ್ತು: ಅದು ಬಾಗುವುದಿಲ್ಲ, ಚೂಪು ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ನೀರು ತುಂಬಿದ ಪಿವಿಸಿಯಲ್ಲಿ ಬಿರುಕು ಬಿಟ್ಟರೆ ಸ್ವಲ್ಪ ನೀರು ಹೊರಬಂದ ಕೂಡಲೇ ಒತ್ತಡ ಬಿದ್ದುಹೋಗುತ್ತದೆ, ಬಿರುಕನ್ನು ಮುಂದೆ ತಳ್ಳುವ ಶಕ್ತಿ ಉಳಿಯುವುದಿಲ್ಲ. ಅದಕ್ಕೇ ಹೊಲದಲ್ಲಿ ಪೈಪು ಒಡೆದರೆ ಕಾರಂಜಿ ಚಿಮ್ಮುತ್ತದೆ, ನಾವು ಬೈದುಕೊಂಡು ಸ್ಟಾರ್ಟರ್ ಬಂದ್ ಮಾಡುತ್ತೇವೆ, ಅಷ್ಟೇ. ಗಾಳಿ ಹಾಗೆ ಬಿಡುವುದಿಲ್ಲ. ಹಿಗ್ಗುತ್ತಲೇ ಬಿರುಕನ್ನು ಓಡಿಸುತ್ತದೆ, ಒಡೆದ ಚೂರುಗಳನ್ನು ತನ್ನ ಜೊತೆ ಎಸೆಯುತ್ತದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1988ರ ಮೇ ತಿಂಗಳಿನಲ್ಲಿ ನೆಲದ ಮೇಲೆ ಹಾಯಿಸಿದ ಪಿವಿಸಿ ಗಾಳಿ ಪೈಪುಗಳ ಬಗ್ಗೆಯೇ ಒಂದು ಎಚ್ಚರಿಕೆಯ ಪ್ರಕಟಣೆ ಹೊರಡಿಸಿತ್ತು. ಅಲ್ಲಿನ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗೋದಾಮಿನ ನೆಲದಿಂದ 27 ಅಡಿ ಎತ್ತರದಲ್ಲಿದ್ದ ಪಿವಿಸಿ ಗಾಳಿ ಪೈಪು ಸಿಡಿದು, ಅದರ ಚೂರು 60 ಅಡಿ ದೂರ ಹಾರಿ ಕಾಗದದ ಸುರುಳಿಯೊಂದರೊಳಗೆ ನೆಟ್ಟುಕೊಂಡಿತ್ತು. ಕಾಗದದ ಸುರುಳಿ ಮೆತ್ತಗಿನ ವಸ್ತುವಲ್ಲ, ಒತ್ತಿ ಸುತ್ತಿದ ಸುರುಳಿ ಮರದ ದಿಮ್ಮಿಯಂತೆಯೇ ಇರುತ್ತದೆ. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ನಮ್ಮ ಶೆಡ್ಡಿನ ಉದ್ದ 60 ಅಡಿಗಿಂತ ಬಹಳ ಕಡಿಮೆ.

ಇದರ ಮೇಲೆ ನಮ್ಮ ಗದಗ ಸೀಮೆಯ ಬಿಸಿಲು ಬೇರೆ. ಪಿವಿಸಿಯ ಬಲ ಶಾಖ ಏರಿದಂತೆ ಇಳಿಯುತ್ತದೆ. 23 ಡಿಗ್ರಿಯಲ್ಲಿದ್ದ ಬಲ 43 ಡಿಗ್ರಿಗೆ ಬರುವಾಗ ಅರ್ಧದಷ್ಟಾಗುತ್ತದೆ, 60 ಡಿಗ್ರಿಯಲ್ಲಿ ಕಾಲು ಭಾಗವೂ ಇರುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಎಷ್ಟು ಡಿಗ್ರಿ ಇರುತ್ತದೆ ಎಂದು ಹೇಳಬೇಕಾಗಿಲ್ಲ. ಅಲ್ಲಿ ಹತ್ತು ಕೆಜಿಯ ಪೈಪು ಐದು ಕೆಜಿಯ ಪೈಪಾಗಿರುತ್ತದೆ, ಒಳಗಿನ ಗಾಳಿ ಮಾತ್ರ ಎಂಟರಲ್ಲೇ ಇರುತ್ತದೆ. ಸಾಲದ್ದಕ್ಕೆ ಗಾಳಿಯನ್ನು ಒತ್ತಿದರೆ ಅದೇ ಬಿಸಿಯಾಗುತ್ತದೆ. ಸೈಕಲ್ ಪಂಪಿನ ತುದಿ ಮುಟ್ಟಿ ನೋಡಿದವರಿಗೆ ಗೊತ್ತು. ಒಂದೇ ಹಂತದಲ್ಲಿ ಒಂಬತ್ತು ಪಟ್ಟು ಒತ್ತಿದರೆ, ಶಾಖ ಎಲ್ಲೂ ಸೋರದಿದ್ದಲ್ಲಿ, 30 ಡಿಗ್ರಿಯ ಗಾಳಿ 290 ಡಿಗ್ರಿ ದಾಟಬೇಕು. ಕಂಪ್ರೆಸರ್ ಹೆಡ್ಡಿನ ಮೇಲಿರುವ ರೆಕ್ಕೆಗಳು ಬಹಳಷ್ಟು ಶಾಖವನ್ನು ಹೊರಗೆ ಬಿಡುವುದರಿಂದ ಅಷ್ಟು ಏರುವುದಿಲ್ಲ, ಆದರೂ ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಸಣ್ಣ ಪೈಪು ಮುಟ್ಟಿದರೆ ಕೈ ಸುಡುತ್ತದೆ. ಬಿಸಿಲಿಗೆ ಒಣಗಿದ ಪಿವಿಸಿ ಇನ್ನೂ ಪೆಡಸಾಗುತ್ತದೆ ಎನ್ನುವುದು ಕೊಟ್ಟಿಗೆಯ ಅಟ್ಟದ ಪೈಪುಗಳನ್ನು ನೋಡಿದರೇ ತಿಳಿಯುತ್ತದೆ. ಬಣ್ಣಕ್ಕೆ ಬೆರೆಸುವ ಥಿನ್ನರ್, ಕೆಲವು ಕೃತಕ ಕಂಪ್ರೆಸರ್ ಎಣ್ಣೆಗಳು ಅದನ್ನು ನಿಧಾನವಾಗಿ ತಿನ್ನುತ್ತವೆ.

ಸಿಪಿವಿಸಿ ಹಾಕಿದರೆ? ಸ್ನಾನದ ಮನೆಯ ಬಿಸಿನೀರಿಗೆ ಹಾಕುವ ಕೆನೆಬಣ್ಣದ ಪೈಪು ಅದು. ಶಾಖವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಒಡೆದರೆ ಅದೂ ಚೂರಾಗಿಯೇ ಒಡೆಯುತ್ತದೆ. ತಯಾರಕರೇ ಗಾಳಿಗೆ, ಅನಿಲಕ್ಕೆ ಬಳಸಬೇಡಿ ಎನ್ನುತ್ತಾರೆ.

"ಅಲ್ಲಿ ಹಾಕ್ಯಾರಲ್ಲ, ಅವರಿಗೇನೂ ಆಗಿಲ್ಲ" ಎನ್ನುವುದು ನಮ್ಮವರ ಕೊನೆಯ ಅಸ್ತ್ರ. ಹೌದು, ಕೆಲವು ಗ್ಯಾರೇಜುಗಳಲ್ಲಿ ಹಾಕಿರುವುದನ್ನು ನಾನೂ ನೋಡಿದ್ದೇನೆ. ಇನ್ನೊಂದು ವಾದ ಸ್ವಲ್ಪ ಗಟ್ಟಿಯಾದದ್ದು: ನೀರು ಕಡಿಮೆ ಇರುವ ಬೋರಿಗೆ ಕಂಪ್ರೆಸರ್ ಪಂಪು ಹಾಕಿದಾಗ ಗಾಳಿ ಒಳಗೆ ಹೋಗುವುದು ಪ್ಲಾಸ್ಟಿಕ್ ಪೈಪಿನಲ್ಲೇ ಅಲ್ಲವೇ? ಬಹಳ ಕಡೆ ಹೌದು. ಆದರೆ ಅದು ಕರಿ ಎಚ್‌ಡಿಪಿಇ, ಮೆದು ಜಾತಿಯದು, ಸೀಳುತ್ತದೆ ಹೊರತು ಚೂರಾಗುವುದಿಲ್ಲ. ಮೇಲಾಗಿ ಅದರ ಬಹುಪಾಲು ಇರುವುದು ನೆಲದೊಳಗೆ, ನೀರಿನ ತಂಪಿನಲ್ಲಿ, ಅಲ್ಲಿ ಒಡೆದರೆ ಮುಖಕ್ಕೆ ಬಡಿಯಲು ಯಾರೂ ನಿಂತಿರುವುದಿಲ್ಲ. ನಮ್ಮನ್ನು ಕಾಲೇಜಿಗೆ ತರುವ ಬಸ್ಸಿನ ಬ್ರೇಕು ಕೂಡ ಗಾಳಿಯದೇ. ನಿಂತಾಗ "ಪುಸ್" ಎನ್ನುವುದು ಅದೇ. ಈಗಿನ ಗಾಡಿಗಳಲ್ಲಿ ಅದಕ್ಕೆ ನೈಲಾನ್ ಟ್ಯೂಬುಗಳು ಇರುತ್ತವೆ, ಅದೂ ಪ್ಲಾಸ್ಟಿಕ್ಕೇ. ಹಾಗಾಗಿ ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಗಾಳಿಗೆಂದೇ ಮಾಡಿ, ಗಾಳಿಗೆಂದೇ ಪರೀಕ್ಷಿಸಿ, ಹಾಗೆಂದು ಮೈಮೇಲೆ ಬರೆದಿದ್ದು ಬೇರೆ. ನೀರಿಗೆ ಮಾಡಿದ್ದನ್ನು ಗಾಳಿಗೆ ಹಾಕುವುದು ಬೇರೆ.

ಹಾಗಾದರೆ ಏನು ಹಾಕಬೇಕು? ನನ್ನ ಪ್ರಾಮಾಣಿಕ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಒಬ್ಬರೇ ಕೆಲಸ ಮಾಡುವ ಸಣ್ಣ ಶೆಡ್ಡಿಗೆ ಪೈಪೇ ಬೇಕಾಗಿಲ್ಲ. ಕಂಪ್ರೆಸರಿನ ಬಾಯಿಗೆ ನೇರವಾಗಿ ಒಂದು ಒಳ್ಳೆಯ ರಬ್ಬರ್ ಹೋಸು ಸಾಕು. ಹೋಸಿನ ಮೈಮೇಲೆ ಕೆಲಸದ ಒತ್ತಡವನ್ನು ಅಚ್ಚು ಹಾಕಿರುತ್ತಾರೆ. ಕಂಪ್ರೆಸರಿನ ಗರಿಷ್ಠಕ್ಕಿಂತ ಅದು ಧಾರಾಳವಾಗಿ ಹೆಚ್ಚಿರಬೇಕು. ನಮ್ಮಲ್ಲಿ ಹೋಸನ್ನು ಪೈಪಿಗೆ ತಂತಿ ಸುತ್ತಿ ಕಟ್ಟುವ ಅಭ್ಯಾಸವಿದೆ, ಅದು ಬೇಡ. ಸರಿಯಾದ ಕ್ಲಿಪ್ಪು ಅಥವಾ ಒತ್ತಿ ಕೂರಿಸಿದ ಫಿಟಿಂಗ್ ಬೇಕು. ಬಿಚ್ಚಿಕೊಂಡ ಹೋಸು ಹಾವಿನಂತೆ ಹೊರಳಾಡುತ್ತದೆ, ತುದಿಯಲ್ಲಿ ಹಿತ್ತಾಳೆಯ ಫಿಟಿಂಗ್ ಇದ್ದರೆ ಅದೇ ಸುತ್ತಿಗೆ.

ಮೂರು ಕಡೆ ಗಾಳಿ ಬೇಕೇ ಬೇಕು ಎಂದರೆ ಜಿಐ ಪೈಪು. ಗದಗಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಚೂಡಿ ಹಾಕುವ ಪ್ಲಂಬರ್ ಪಕ್ಕದ ಓಣಿಯಲ್ಲೇ ಇರುತ್ತಾನೆ. ಅದಕ್ಕೆ ಐಎಸ್ 1239 ಗುರುತು. ಹಳದಿ ಪಟ್ಟಿ ಇದ್ದರೆ ಹಗುರ, ನೀಲಿ ಇದ್ದರೆ ಮಧ್ಯಮ, ಕೆಂಪು ಇದ್ದರೆ ಭಾರಿ. ನಮಗೆ ನೀಲಿ ಪಟ್ಟಿಯದು ಸಾಕು. ಇದರ ಲೆಕ್ಕವೂ ನಮ್ಮ ಕೈಗೆ ಸಿಗುವಂಥದ್ದೇ: ಪೈಪಿನ ಗೋಡೆಯ ಮೇಲಿನ ಸ್ಟ್ರೆಸ್ಸು ಎಂದರೆ ಒತ್ತಡ ಗುಣಿಸು ಒಳವ್ಯಾಸ, ಭಾಗಿಸು ಗೋಡೆಯ ದಪ್ಪದ ಎರಡರಷ್ಟು. ಒಂದು ಇಂಚಿನ ನೀಲಿ ಪಟ್ಟಿ ಪೈಪಿನ ಒಳವ್ಯಾಸ 27 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಎಂಟು ಬಾರ್ ಎಂದರೆ 0.8 ಮೆಗಾಪಾಸ್ಕಲ್. ಉತ್ತರ 3.4 ಮೆಗಾಪಾಸ್ಕಲ್. ಸಾದಾ ಉಕ್ಕು 300 ಮೆಗಾಪಾಸ್ಕಲ್ ದಾಟಿದರೂ ಹರಿಯುವುದಿಲ್ಲ. ಚೂಡಿ ಹಾಕಿದ ಜಾಗದಲ್ಲಿ ಗೋಡೆ ಅರ್ಧ ತೆಳುವಾದರೂ ಬೇಕಾದಷ್ಟು ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ ಗಾಳಿಯ ಪೈಪಿಗೆ ಅತಿ ಕಠಿಣ ಪರೀಕ್ಷೆ ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ ಎನ್ನಬಹುದು. 2001ರಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು, ಬಂಡೆ ಕೊರೆಯುವ ಯಂತ್ರಗಳು ಮೇಲಿನಿಂದ ಬಂದ ಒತ್ತಿದ ಗಾಳಿಯಿಂದ ಓಡುತ್ತಿದ್ದವು. ಅಷ್ಟು ಆಳಕ್ಕೆ ಗಾಳಿ ಇಳಿಸಿದ್ದು ಕಬ್ಬಿಣದ ಪೈಪಿನಲ್ಲಿ.

ಜಿಐನ ದೋಷ ತುಕ್ಕು. ಒಳಗೆ ನೀರು ಸೇರಿ ವರ್ಷಗಳ ನಂತರ ತುಕ್ಕಿನ ಪುಡಿ ಉದುರುತ್ತದೆ, ಅದು ಬಣ್ಣದ ಗನ್ನಿಗೆ ಬಂದರೆ ಹೊಸ ಟ್ರೇಲರಿನ ಮೇಲೆ ಚುಕ್ಕೆ. ಗನ್ನಿನ ಮೊದಲು ಒಂದು ಫಿಲ್ಟರ್ ಹಾಕಿದರೆ ಆ ಚಿಂತೆ ತೀರಿತು. ತಾಮ್ರ ತುಕ್ಕು ಹಿಡಿಯುವುದಿಲ್ಲ, ಒಳಗೆ ನುಣುಪು, ಒಡೆದರೂ ಸೀಳಿಯೇ ಒಡೆಯುತ್ತದೆ. ಫ್ರಿಜ್ ರಿಪೇರಿಯವರು ಬೆಸೆದು ಕೊಡುತ್ತಾರೆ. ಬೆಲೆ ಕೇಳಿ ಮಾಮು ನಕ್ಕು ಸುಮ್ಮನಾದರು. ಅಲ್ಯೂಮಿನಿಯಂ ಪೈಪುಗಳನ್ನು ಗಾಳಿಗೆಂದೇ ಮಾಡುತ್ತಾರೆ, ಒತ್ತಿ ಕೂರಿಸಿದರೆ ಆಯಿತು, ಕಾರ್ಖಾನೆಯವರಿಗೆ ಸರಿ. ಒಳಗೆ ಹೊರಗೆ ಪಾಲಿಎಥಿಲೀನ್, ನಡುವೆ ಅಲ್ಯೂಮಿನಿಯಂ ಪದರ ಇರುವ ಪೈಪು ಈಗ ಬಂದಿದೆ, ಸುರುಳಿಯಾಗಿ ಸಿಗುತ್ತದೆ. ತಯಾರಕರು ಗಾಳಿಗೆ ಎಂದು ಬರೆದು, ಎಷ್ಟು ಡಿಗ್ರಿಗೆ ಎಷ್ಟು ಒತ್ತಡ ಎಂದು ಕೊಟ್ಟಿದ್ದರೆ ಅದನ್ನೂ ಹಾಕಬಹುದು. ಅಂಗಡಿಯವರ ಬಾಯಿಮಾತು ಸಾಲದು, ಪೈಪಿನ ಮೇಲೋ ಅದರ ಕಾಗದದ ಮೇಲೋ ಅಕ್ಷರ ಇರಬೇಕು.

ಈಗ ನೀರಿನ ವಿಷಯ. ಗಾಳಿ ಒತ್ತಿದರೆ ನೀರು ಎಲ್ಲಿಂದ ಬಂತು ಎಂದು ಬಹಳ ಜನ ಆಶ್ಚರ್ಯಪಡುತ್ತಾರೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ 30 ಗ್ರಾಂ ನೀರಿನ ಆವಿ ಇರಬಲ್ಲದು. ಮಳೆಗಾಲದ ದಿನ, ಶೇ. 70 ಆರ್ದ್ರತೆ ಎಂದರೆ 21 ಗ್ರಾಂ. ಒಂಬತ್ತು ಘನ ಮೀಟರ್ ಗಾಳಿಯನ್ನು ಒಂದು ಘನ ಮೀಟರಿಗೆ ಒತ್ತಿದರೆ 189 ಗ್ರಾಂ ಆವಿ ಒಳಗೆ ಬಂತು. ಅದು ಮತ್ತೆ 30 ಡಿಗ್ರಿಗೆ ತಣಿದಾಗ ಜಾಗ ಇರುವುದು 30 ಗ್ರಾಮಿಗೆ ಮಾತ್ರ. ಉಳಿದ ಸುಮಾರು 160 ಗ್ರಾಂ, ಒಂದು ಚಹಾ ಲೋಟಕ್ಕಿಂತ ಹೆಚ್ಚು, ನೀರಾಗಿ ಟ್ಯಾಂಕಿನಲ್ಲಿ, ಪೈಪಿನಲ್ಲಿ ಇಳಿಯುತ್ತದೆ. ಅದಕ್ಕಾಗಿ ಪೈಪನ್ನು ಮಟ್ಟಸವಾಗಿ ಕಟ್ಟದೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಬೇಕು. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಸಾಕು. ಕೊನೆಯ ತುದಿಯಲ್ಲಿ ಕೆಳಮುಖವಾಗಿ ಒಂದು ತುಂಡು ಪೈಪು, ಅದಕ್ಕೊಂದು ವಾಲ್ವು, ನೀರು ಬಿಡಲು. ಕೆಲಸದ ಜಾಗಕ್ಕೆ ಇಳಿಸುವ ಕವಲನ್ನು ಮುಖ್ಯ ಪೈಪಿನ ಹೊಟ್ಟೆಯಿಂದ ತೆಗೆಯಬಾರದು, ನೆತ್ತಿಯಿಂದ ತೆಗೆದು ಬಾಗಿಸಿ ಕೆಳಗೆ ಇಳಿಸಬೇಕು. ಹೊಟ್ಟೆಯಿಂದ ತೆಗೆದರೆ ಪೈಪಿನ ತಳದಲ್ಲಿ ಹರಿಯುವ ನೀರೆಲ್ಲ ನೇರ ಬಣ್ಣದ ಗನ್ನಿಗೆ.

ಕಂಪ್ರೆಸರ್ ನಡುಗುವ ಯಂತ್ರ. ಅದಕ್ಕೆ ಜಿಐ ಪೈಪನ್ನು ನೇರ ಬಿಗಿದರೆ ಚೂಡಿ ಸಡಿಲಾಗುತ್ತದೆ, ನಡುವೆ ಒಂದು ಮೊಳ ಒಳ್ಳೆಯ ಹೋಸು ಇರಲಿ. ಟ್ಯಾಂಕಿನ ಬಾಯಿಯಲ್ಲೇ ಒಂದು ಬಾಲ್ ವಾಲ್ವು ಇರಲಿ, ರಾತ್ರಿ ಮುಚ್ಚಿ ಮಲಗಬಹುದು.

ಪೈಪಿಗಿಂತ ದೊಡ್ಡ ಅಪಾಯ ಟ್ಯಾಂಕು ಎಂಬುದನ್ನೂ ಹೇಳಬೇಕು. ಒಂದು ಲಕ್ಷ ಜೂಲ್ ಇರುವುದು ಅಲ್ಲಿಯೇ. ಟ್ಯಾಂಕಿನ ತಳದಲ್ಲಿ ನೀರು ನಿಂತು ಒಳಗಿನಿಂದ ತುಕ್ಕು ತಿನ್ನುತ್ತಾ ಹೋಗುತ್ತದೆ, ಹೊರಗೆ ಬಣ್ಣ ಹೊಸದರಂತೆ ಹೊಳೆಯುತ್ತಿರುತ್ತದೆ. ತಳದ ಡ್ರೇನ್ ವಾಲ್ವನ್ನು ಪ್ರತಿ ದಿನ ತೆರೆದು ನೀರು ಬಿಡಬೇಕು. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ಅದು ಅಂಟಿಕೊಂಡಿಲ್ಲ ಎಂದು ನೋಡಬೇಕು. ಪ್ರೆಷರ್ ಸ್ವಿಚ್ ಕೆಟ್ಟು ಮೋಟಾರು ನಿಲ್ಲದೇ ಹೋದರೆ ಕೊನೆಗೆ ಕಾಯುವುದು ಅದೊಂದೇ. ಅದರಿಂದ ಗಾಳಿ ಸೋರುತ್ತದೆ ಎಂದು ತೆಗೆದು ಬೋಲ್ಟು ಹಾಕಿ ಮುಚ್ಚುವವರಿದ್ದಾರೆ, ಕುಕ್ಕರಿನ ಸೀಟಿಯನ್ನು ಬೆಸೆದ ಹಾಗೆ. ತೂತು ಬಿದ್ದ ಟ್ಯಾಂಕಿಗೆ ತೇಪೆ ವೆಲ್ಡಿಂಗ್ ಕೂಡ ಬೇಡ. ಈ ಮಾತು ವೆಲ್ಡಿಂಗ್ ಮಾಡುವ ಮಾಮುವಿಗೆ ಹೇಳುವುದು ಸ್ವಲ್ಪ ಕಷ್ಟವಾಯಿತು, ಆದರೆ ತೂತು ಬಿದ್ದ ಕಡೆ ಸುತ್ತಲಿನ ತಗಡೂ ತೆಳುವಾಗಿರುತ್ತದೆ ಎಂದಾಗ ಅವರೇ ಹೌದೆಂದರು.

ನಮ್ಮ ವಯಸ್ಸಿನವರಿಗೆ ಒಂದು ಮಾತು. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಒಂದು ಬೈಕ್ ಸರ್ವಿಸ್ ಅಂಗಡಿಯಲ್ಲಿ ಗೆಳೆಯನೊಬ್ಬ ತಮಾಷೆಗೆಂದು ಗಾಳಿಯ ಪೈಪನ್ನು ಇನ್ನೊಬ್ಬನ ದೇಹಕ್ಕೆ ಹಿಡಿದ. ಕರುಳಿಗೆ ಪೆಟ್ಟಾಗಿ 24 ವರ್ಷದ ಆ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ. ಇಬ್ಬರೂ ಸ್ನೇಹಿತರು. ಬಟ್ಟೆಯ ಮೇಲಿನ ಧೂಳು, ತಲೆಗೂದಲಿನ ಧೂಳು ಹೊಡೆಯಲು ಈ ಗಾಳಿಯನ್ನು ಬಳಸುವುದು ಎಲ್ಲ ಗ್ಯಾರೇಜಿನಲ್ಲೂ ಕಾಣುತ್ತದೆ. ಒಂದು ಗಾಯದ ಬಾಯಿ ಸಿಕ್ಕರೆ ಸಾಕು, ಗಾಳಿ ಚರ್ಮದೊಳಗೆ ನುಗ್ಗುತ್ತದೆ. ಕಣ್ಣಿಗೆ ಬಂದ ಕಬ್ಬಿಣದ ಪುಡಿಯ ಕಥೆ ಬೇರೆ. ವಸ್ತುಗಳನ್ನು ಶುಚಿ ಮಾಡಲು ಬಳಸುವಾಗಲೂ ಅಮೆರಿಕದ ನಿಯಮ 30 ಪಿಎಸ್‌ಐಗಿಂತ ಕೆಳಗೆ ಇಳಿಸಿಕೊಳ್ಳಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ ಎನ್ನುತ್ತದೆ. ಮೈಗೆ ಹಿಡಿಯುವ ಮಾತೇ ಇಲ್ಲ.

ಮಾಮು ಕೊನೆಗೆ ಮುಕ್ಕಾಲು ಇಂಚಿನ ನೀಲಿ ಪಟ್ಟಿ ಜಿಐ ತಂದರು. ರಸ್ತೆ ಕಡೆಯ ಕವಲನ್ನು ಕೈಬಿಟ್ಟು ಅಲ್ಲಿಗೆ ಹೋಸನ್ನೇ ಎಳೆಯುವುದೆಂದು ತೀರ್ಮಾನವಾಯಿತು, ಖರ್ಚು ಅಷ್ಟು ಉಳಿಯಿತು. ಪಿವಿಸಿ ಪೈಪುಗಳು ಹಿತ್ತಲಿನ ಕರಿಬೇವಿಗೆ, ನುಗ್ಗೆಗೆ ನೀರು ಹಾಯಿಸುತ್ತಿವೆ.

ಕಟ್ಟಿದ ಪೈಪನ್ನು ಮೊದಲ ಸಲ ಪರೀಕ್ಷಿಸುವುದು ಹೇಗೆ? ಗಾಳಿ ತುಂಬಿ ಸೋಪಿನ ನೀರು ಹಚ್ಚುವುದು ರೂಢಿ. ಅದು ಸಣ್ಣ ಸೋರಿಕೆ ಹುಡುಕಲು ಸರಿ, ಬಲ ನೋಡಲು ಸರಿಯಲ್ಲ. ಬಲ ನೋಡಬೇಕಾದರೆ ನೀರು ತುಂಬಬೇಕು. ಏಕೆಂದರೆ, ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಒತ್ತಡ ಅಷ್ಟೇ ಇದ್ದರೂ ನೀರಿನಲ್ಲಿ ಶಕ್ತಿ ಇಲ್ಲ, ಒಡೆದರೆ ಕಾಲು ಒದ್ದೆಯಾಗುತ್ತದೆ. ಕಟ್ಟಡಗಳ ಪ್ಲಂಬರುಗಳ ಹತ್ತಿರ ಕೈಯಿಂದ ಒತ್ತುವ ಟೆಸ್ಟಿಂಗ್ ಪಂಪು ಇರುತ್ತದೆ. ಅದನ್ನು ಒಂದು ದಿನಕ್ಕೆ ಕೇಳಿ ತಂದೆವು. ಪೈಪಿನಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ಎತ್ತರದ ತುದಿಯನ್ನು ತೆರೆದಿಟ್ಟು ನೀರು ತುಂಬಿ, ಟ್ಯಾಂಕಿನ ಕಡೆ ಬಿಚ್ಚಿ ಮುಚ್ಚಳ ಹಾಕಿ, ಕೆಲಸದ ಒತ್ತಡದ ಒಂದೂವರೆ ಪಟ್ಟು, ಅಂದರೆ 12 ಬಾರ್‌ಗೆ ಏರಿಸಿದೆವು. ಐದು ನಿಮಿಷದಲ್ಲಿ ಮುಳ್ಳು ಹನ್ನೊಂದಕ್ಕೆ ಇಳಿಯಿತು. ಬಣ್ಣದ ಮೂಲೆಯ ಎಲ್ಬೋ ಹನಿಕುತ್ತಿತ್ತು. ಬಿಚ್ಚಿ, ಟೆಫ್ಲಾನ್ ಟೇಪು ಹೊಸದಾಗಿ ಸುತ್ತಿ, ಬಿಗಿದು, ಮತ್ತೆ ಏರಿಸಿ ಅರ್ಧ ಗಂಟೆ ಬಿಟ್ಟೆವು. ಮುಳ್ಳು 12ರಲ್ಲೇ ನಿಂತಿತು. ನೀರೆಲ್ಲ ಇಳಿಸಿ, ಸಂಜೆ ಕಂಪ್ರೆಸರ್ ಜೋಡಿಸಿದೆವು.